ಉಂಗುರದೊಳಗಿನ ಮೊಲ

ಮರ್ವಿನ್ ಪ್ಯಾಸ್ಕೋನ ಶನಿವಾರ ಹಾಳಾದದ್ದು ಒಂದು ಮೊಲದ ಮುಂದಿನ ಎರಡು ಹಲ್ಲುಗಳಿಂದ. ಬೆಳಿಗ್ಗೆ ಎದ್ದು ಚಹಾದ ಬಟ್ಟಲು ಹಿಡಿದುಕೊಂಡೇ ಹಿತ್ತಲಿಗೆ ಹೋದರೆ, ಏಪ್ರಿಕಾಟ್ ಸಸಿಯ ಬುಡದಲ್ಲಿ ಹೆಬ್ಬೆರಳಗಲದ ತೊಗಟೆ ಮಾಯವಾಗಿತ್ತು. ತೊಗಟೆ ಸುತ್ತ ಪೂರ್ತಿ ಹೋದರೆ ಸಸಿ ಸತ್ತಿತೆಂದೇ ಲೆಕ್ಕ. ಮೊಲಕ್ಕೆ ಊಟದ ನಡುವೆ ಬೇರೇನೋ ಕೆಲಸ ನೆನಪಾಗಿ ಎದ್ದು ಹೋಗಿತ್ತೆಂದು ಕಾಣುತ್ತದೆ.

ಆ ಸಸಿ ಅಂತಿಂಥ ಸಸಿಯಲ್ಲ. ಅಣೆಕಟ್ಟಿನ ನೀರು ಏರಿ ನಮ್ಮ ಕಣಿವೆಯ ಹಳೆಯ ತೋಟಗಳೆಲ್ಲ ಮುಳುಗಿದಾಗ, ಮರ್ವಿನ್‌ನ ಹೆಂಡತಿ ಥೆಲ್ಮಾಳ ಅಪ್ಪನ ತೋಟವೂ ಮುಳುಗಿತು. ಕೊನೆಯ ಬೇಸಿಗೆಯ ಹಣ್ಣಿನ ಓಟೆಗಳನ್ನು ಅವಳು ಏಪ್ರನ್ನಿನ ಜೇಬಿನಲ್ಲಿ ತಂದು ಮಣ್ಣಿಗೆ ಹಾಕಿದ್ದಳು. ಮೂರು ಮೊಳೆತವು. ಎಲೆ ಉದುರುವ ಕಾಲಕ್ಕೆ ಅವುಗಳಲ್ಲಿ ಎರಡನ್ನು ಮೊಲ ತಿಂದು ಮುಗಿಸಿತು. ಆಗ ಮರ್ವಿನ್, "ಮೂರನೇದಕ್ಕೆ ನಾಳೇನೇ ತಂತಿ ಬಲೆ ಕಟ್ತೀನಿ ಥೆಲ್, ನೋಡ್ತಿರು," ಎಂದಿದ್ದ. ಅವಳು ನೋಡುತ್ತಲೇ ಇದ್ದಳು. ಎಲೆಗಳೆಲ್ಲ ಉದುರಿದವು, ಇಬ್ಬನಿ ಗಟ್ಟಿಯಾಗಿ ಹುಲ್ಲು ಗಾಜಿನಂತಾಯಿತು. ಬಲೆ ಮಾತ್ರ ನಾಳೆಯಲ್ಲೇ ಉಳಿಯಿತು.

ಮರ್ವಿನ್ ಸೋಮಾರಿಯೆಂದು ಯಾರೂ ತಿಳಿಯಬಾರದು. ಅವನು ನಮ್ಮೂರು ಬ್ರೇಬರ್ನಿನ ಅಂಚೆ ವ್ಯಾನು ಓಡಿಸುತ್ತಿದ್ದ. ಮಳೆ, ಹಿಮ ಎನ್ನದೆ ಮನೆಮನೆಗೂ ಹೋಗುತ್ತಿದ್ದ. ಆದರೆ ಅವನ ಮನಸ್ಸು ವ್ಯಾನಿನ ಜೊತೆ ಹೋಗುತ್ತಿರಲಿಲ್ಲ. ಗುಡ್ಡದ ಮೇಲಿನ ಮೋಡದ ನೆರಳು ನೋಡುತ್ತ ಒಂದು ಮನೆಯ ಕಾಗದವನ್ನು ಪಕ್ಕದ ಮನೆಯ ಡಬ್ಬಕ್ಕೆ ಹಾಕಿಬಿಡುತ್ತಿದ್ದ. ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಭಾನುವಾರ ಚರ್ಚು ಮುಗಿದ ಮೇಲೆ ಅಂಗಳದಲ್ಲಿ ನಿಂತು ನಮ್ಮ ನಮ್ಮ ಕಾಗದಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಹಾಗೆ ನೋಡಿದರೆ ಊರಿನ ಒಗ್ಗಟ್ಟಿಗೆ ಅವನ ಕೊಡುಗೆ ದೊಡ್ಡದು.

ಥೆಲ್ಮಾ ಬಂದು ಬಗ್ಗಿ ಸಸಿಯ ಗಾಯ ನೋಡಿದಳು.

"ಹೂಂ," ಎಂದಳು. ಆಮೇಲೆ ನೀರಿನ ಜಗ್ಗು ಎತ್ತಿಕೊಂಡು, ದಿನವೂ ಹೋಗುವಂತೆ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೈದಿದ್ದರೆ ಮರ್ವಿನ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಆ ಒಂದು ಹೂಂ ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತು. ಅಪ್ಪನ ತೋಟದಲ್ಲಿ ಉಳಿದದ್ದು ಇದೊಂದೇ, ಇದೂ ಹೋದರೆ ಇವಳು ನನ್ನ ಮುಖವನ್ನು ಹೇಗೆ ನೋಡಿಯಾಳು ಎಂದು ಅವನಿಗೆ ನಿಜವಾಗಿ ಅಳು ಬಂತು. ಬಲೆ ಕಟ್ಟುವುದು ಇವತ್ತಿನ ಅಪರಾಧಕ್ಕೆ ತೀರ ಸಣ್ಣ ಪ್ರಾಯಶ್ಚಿತ್ತವೆಂದು ತೋರಿತು. ಮೊಲವನ್ನೇ ಹೊಡೆಯಬೇಕು, ಅದಕ್ಕೊಂದು ರೈಫಲ್ ಬೇಕು ಎಂದು ತೀರ್ಮಾನಿಸಿ ಟೋಪಿ ಹಾಕಿಕೊಂಡು ಹೊರಟ.

ಊರಿನಲ್ಲಿ ಮಾರಾಟಕ್ಕಿದ್ದ ರೈಫಲ್ ಒಂದೇ. ಅದು ತೀರಿಕೊಂಡ ಅಲಿಸ್ಟರ್ ಕ್ರೂಡನ್‌ನದು. ಗುರಿ ಹೊಡೆಯುವ ನಮ್ಮ ಕ್ಲಬ್ಬಿನಲ್ಲಿ ಅವನಂಥ ಗುರಿಕಾರ ಇರಲಿಲ್ಲ. ಅವನ ಹೆಂಡತಿ ಇಸೊಬೆಲ್ ಅದನ್ನು ಬೀರುವಿನಿಂದ ತೆಗೆದು, ಅಡಿಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿಸಿದಳು. ಪಾಯಿಂಟ್ ಟೂ ಟೂ ನಳಿಗೆಯದು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂಥದು. ಮೊಲ ಹೊಡೆಯಲು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವ ಹಗುರ ಕೋವಿಯಲ್ಲ. ಚಾಪೆಯ ಮೇಲೆ ಮಲಗಿ ಕಾಗದದ ಮೇಲಿನ ಕರಿ ಬೊಟ್ಟಿಗೆ ಹೊಡೆಯಲು ಮಾಡಿದ್ದು. ನಳಿಗೆ ದಪ್ಪ. ಎತ್ತಿದರೆ ಹೊಲಿಗೆ ಯಂತ್ರ ಎತ್ತಿದ ಹಾಗಾಗುತ್ತಿತ್ತು.

"ಮೊಲಕ್ಕಾ?" ಎಂದಳು ಇಸೊಬೆಲ್.

"ಒಂದೇ ಒಂದು ಮೊಲಕ್ಕೆ, ಮಿಸೆಸ್ ಕ್ರೂಡನ್."

"ಲೈಸೆನ್ಸ್ ತೋರ್ಸು. ಹೂಂ, ಸರಿ ಇದೆ. ಆಂಗಸ್ ಡಫ್ ಎರಡು ಸಲ ಬಂದು ಕೇಳಿದ, ನಾನು ಕೊಡ್ಲಿಲ್ಲ. ಅವನ ಕೈ ಸುಮ್ನಿರಲ್ಲ, ಕಂಡಿದ್ದೆಲ್ಲ ತಿರುಪ್ತಾನೆ. ನೋಡಪ್ಪ, ಇಲ್ಲಿ ಗುರಿ ಸರಿಮಾಡೋ ಎರಡು ತಿರುಪು ಇದೆ, ಒಂದು ಮೇಲೆ ಕೆಳಗೆ, ಒಂದು ಎಡಕ್ಕೆ ಬಲಕ್ಕೆ. ನಮ್ಮ ಅಲಿಸ್ಟರ್ ಟೌನ್ ಹಾಲಿನ ಉದ್ದಕ್ಕೆ ಸರಿಯಾಗಿ ಕೂರ್ಸಿದ್ದು ಹಾಗೇ ಇದೆ. ಮುಟ್ಬೇಡ."

"ಮುಟ್ಟಲ್ಲ."

"ದುಡ್ಡು ಬೇಡ. ಒಂದು ಟ್ರೇಲರ್ ಪೈನ್ ಸೌದೆ ಹಾಕ್ಸು. ಈ ಚಳಿಗೆ ದುಡ್ಡು ಉರಿಯಲ್ಲ."

ರೈಫಲ್ಲಿನ ಹಿಂಬದಿಯಲ್ಲಿ ಕಣ್ಣಿಡಲು ಒಂದು ಸಣ್ಣ ತೂತು, ನಳಿಗೆಯ ತುದಿಯಲ್ಲಿ ಒಂದು ಉಂಗುರ. ಕನ್ನಡಕ ಅಡ್ಡಬಂತೆಂದು ಮರ್ವಿನ್ ಅದನ್ನು ತೆಗೆದು ಜೇಬಿಗೆ ಹಾಕಿ, ಕಿಟಕಿಯಾಚೆ ಕಣ್ಣು ನೆಟ್ಟ. ಕನ್ನಡಕವಿಲ್ಲದೆ ಅವನಿಗೆ ಜಗತ್ತೆಂದರೆ ನೀರಿನಲ್ಲಿ ನೆನೆದ ಕಾಗದ. ಆದರೆ ಆ ತೂತಿನಾಚೆ ಎಲ್ಲವೂ ಸ್ಪಷ್ಟವಾಗಿತ್ತು. ಉಂಗುರದೊಳಗೆ ಒಂದು ಪಾಪ್ಲರ್ ಮರ, ಅದರ ಒಂದೊಂದು ಕಡ್ಡಿಗೂ ಬಿಳಿ ಹಿಮದ ತುಪ್ಪಳ. ಸ್ವಲ್ಪ ಸರಿಸಿದರೆ ಗುಡ್ಡದ ಬೂದು ಥೈಮ್ ಪೊದೆ, ಅದರ ಪಕ್ಕ ಏನನ್ನೋ ಯೋಚಿಸುತ್ತ ನಿಂತ ಕುರಿ. ಒಂದೊಂದೇ ವಸ್ತು ತನಗಾಗಿ ತೊಳೆದಿಟ್ಟ ಹಾಗೆ ಬಂದು ಹೋಗುತ್ತಿತ್ತು. ಇಸೊಬೆಲ್ ಎರಡು ಸಲ ಚಹಾ ಕಾಯಿಸಿದಳು. ಅವನು ಕಣ್ಣು ತೆಗೆಯಲಿಲ್ಲ.

"ಅಲಿಸ್ಟರೂ ಹೀಗೇ ನೋಡ್ತಾ ಕೂರ್ತಿದ್ದ," ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ.

ಮನೆಗೆ ತಂದಾಗ ಥೆಲ್ಮಾ ಚೀಸ್ ರೋಲ್ ಸುಡುತ್ತಿದ್ದಳು. ರೈಫಲ್ಲನ್ನೂ ಗಂಡನನ್ನೂ ಒಂದೇ ದೃಷ್ಟಿಯಲ್ಲಿ ನೋಡಿದಳು.

"ಹಿತ್ತಲಲ್ಲಿ ಒಂದು ಗುಂಡು ಹಾರ್ಸೋಕ್ಕೆ ಮುಂಚೆ ಅದು ಎಲ್ಲಿಗೆ ಹೋಗತ್ತೆ ಅಂತ ತಿಳ್ಕೊಂಡು ಬಾ."

"ಇವತ್ತು ಟೌನ್ ಹಾಲಲ್ಲಿ ಕ್ಲಬ್ಬಿನ ಅಭ್ಯಾಸ ಇದೆ. ಹಾಲಿನ ಉದ್ದ, ನಮ್ಮ ಹಿತ್ತಲಿನ ಉದ್ದ ಹೆಚ್ಚುಕಮ್ಮಿ ಒಂದೇ. ಇವತ್ತು ಸಂಜೆಗೆ ನಿಮ್ಮಪ್ಪನ ಗಿಡಕ್ಕೆ ಇನ್ಯಾವ ಭಯಾನೂ ಇರಲ್ಲ ಥೆಲ್."

"ಹೂಂ," ಎಂದು ಅವಳು ಎರಡು ರೋಲನ್ನು ಕಾಗದದಲ್ಲಿ ಸುತ್ತಿ ಅವನ ಜೇಬಿಗೆ ತುರುಕಿದಳು.

ನಮ್ಮ ಟೌನ್ ಹಾಲಿನಲ್ಲಿ ಚಳಿಗಾಲದ ಶನಿವಾರ ಮಧ್ಯಾಹ್ನ ನೆಲಕ್ಕೆ ಚಾಪೆ ಹಾಸುತ್ತಾರೆ. ಆಚೆ ತುದಿಯಲ್ಲಿ, ಗುಂಡು ತಡೆಯುವ ತಗಡಿನ ಮುಂದೆ, ದೀಪದ ಕೆಳಗೆ ಸಾಲಾಗಿ ಕಾರ್ಡು ತೂಗುಹಾಕುತ್ತಾರೆ. ಚಾಪೆಗೊಂದು ಕಾರ್ಡು, ಕಾರ್ಡಿಗೊಂದು ಅಂಕಿ, ಪ್ರತಿ ಕಾರ್ಡಿನಲ್ಲಿ ಹತ್ತು ಕರಿ ಬೊಟ್ಟು. ಉಸ್ತುವಾರಿ ಕಸಾಯಿ ಅಂಗಡಿಯ ತಮಾತಿಯದು. ಮಾಂಸದ ಕತ್ತಿ ಹಿಡಿದಾಗ ಊರಿಗೆಲ್ಲ ಹರಟೆ ಹೊಡೆಯುವ ತಮಾತಿ, ಹಾಲಿನೊಳಗೆ ಪಾದ್ರಿಗಿಂತ ಗಂಭೀರ. ಅವನ ನಿಯಮಗಳಲ್ಲಿ ಮೊದಲನೆಯದು: ಗುರಿಕಾರನ ಕೆನ್ನೆ ರೈಫಲ್ಲಿನ ಹಿಡಿಯ ಮರಕ್ಕೆ ತಾಗಿತೆಂದರೆ ಯಾರೂ ತುಟಿ ಬಿಚ್ಚಬಾರದು. ಒಮ್ಮೆ ಒಲೆಯಿಂದ ಕಿಡಿ ಹಾರಿ ಪರದೆ ಹತ್ತಿಕೊಂಡಾಗಲೂ, ಕೊನೆಯ ಗುಂಡು ಮುಗಿದ ಮೇಲೆಯೇ ಅವನು "ಬೆಂಕಿ" ಎಂದದ್ದು.

ಮರ್ವಿನ್ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ. ಬಲಗಡೆಯ ಚಾಪೆ ಆಂಗಸ್ ಡಫ್‌ನದು. ಮರ್ವಿನ್‌ನ ಬೇಲಿಯಾಚೆಗಿನ ಚೆರ್ರಿ ತೋಟದ ಯಜಮಾನ, ನೆರೆಯವ. ರೈಫಲ್ ಕಂಡೊಡನೆ ಆಂಗಸ್‌ನ ಕೆನ್ನೆ ಕೆಂಪಾಯಿತು.

"ಕ್ರೂಡನ್‌ದು ಅಲ್ವಾ? ನಿಂಗೆ ಕೊಟ್ಟುಬಿಟ್ಲಾ ಮುದುಕಿ? ಇರ್ಲಿ ಬಿಡು. ಹಾರ್ತದೋ ಇಲ್ವೋ ನೋಡು."

"ಕೆನ್ನೆ ಇಡಿ," ಎಂದ ತಮಾತಿ. ಹಾಲಿನಲ್ಲಿದ್ದವರೆಲ್ಲ ಸ್ತಬ್ಧರಾದರು.

ಮರ್ವಿನ್ ಕನ್ನಡಕ ತೆಗೆದಿಟ್ಟು ತೂತಿಗೆ ಕಣ್ಣಿಟ್ಟ. ಉಂಗುರದೊಳಗೆ ಒಂದು ಕರಿ ಬೊಟ್ಟು ತೇಲಿ ಬಂತು. ಸುತ್ತಲೂ ಬೆಳಕು, ಬೇರೇನೂ ಇಲ್ಲ. ಆ ಬೆಳಕು ಮೆಲ್ಲಗೆ ನೀರಾಯಿತು. ನೀರಿನಡಿಯಲ್ಲಿ ಮಾವನ ತೋಟ ಇದ್ದ ಹಾಗೆಯೇ ಇತ್ತು. ಏಪ್ರಿಕಾಟುಗಳು ಸಣ್ಣ ದೀಪಗಳಂತೆ ಉರಿಯುತ್ತಿದ್ದವು, ಕೊಂಬೆಗಳ ನಡುವೆ ಟ್ರೌಟ್ ಮೀನುಗಳು ಅವಸರವಿಲ್ಲದೆ ಓಡಾಡುತ್ತಿದ್ದವು, ಏಣಿಯ ಮೇಲೆ ಹರೆಯದ ಥೆಲ್ಮಾ ಏಪ್ರನ್ ಹಿಡಿದು ನಿಂತಿದ್ದಳು. ಅವನು ರೈಫಲ್ಲಿನ ಕುದುರೆ ಎಳೆದನೆಂದರೆ ತಪ್ಪು. ಗುಂಡು ನಿದ್ದೆ ಬಂದ ಹಾಗೆ ತಾನಾಗಿ ಹಾರಿತು. ಹೀಗೆ ಹತ್ತು ಸಲ.

ನಡುವೆ ಆಂಗಸ್ ತನ್ನ ದುರ್ಬೀನಿನಲ್ಲಿ ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ. ಒಮ್ಮೆ ಗಂಟಲು ಸರಿಮಾಡಿಕೊಂಡ. ತಮಾತಿ ಗುರಾಯಿಸಿದ.

ಗುಂಡಿನ ಸದ್ದು ನಿಂತು ಎಲ್ಲರೂ ಆಚೆ ತುದಿಗೆ ನಡೆದರು. ಮರ್ವಿನ್‌ನ ಕಾರ್ಡು ಇಸ್ತ್ರಿ ಮಾಡಿಟ್ಟ ಕರವಸ್ತ್ರದಂತಿತ್ತು. ಒಂದು ತೂತೂ ಇರಲಿಲ್ಲ.

ಆಂಗಸ್ ಎಲ್ಲರಿಗಿಂತ ಮೊದಲು ತನ್ನ ಕಾರ್ಡು ಕಿತ್ತು, "ನಂದೂ ಇವತ್ತು ಹೇಳ್ಕೊಳ್ಳೋ ಹಾಗಿಲ್ಲ, ಬಿಡಿ," ಎಂದು ಮಡಿಸಿ, ಒಲೆಯ ಪಕ್ಕದ ಪುರುಳೆ ಕಡ್ಡಿಗಳ ಪೆಟ್ಟಿಗೆಗೆ ಎಸೆದು ಬಂದ.

ಇಷ್ಟು ಸಾಕಾಯಿತು. ನಮ್ಮೂರಿನಲ್ಲಿ ಯಾರದಾದರೂ ವಸ್ತು ಕೆಟ್ಟಿತೆಂದರೆ ಉಳಿದವರಿಗೆ ಹಬ್ಬ. ಔಷಧದಂಗಡಿಯ ಲಯೊನೆಲ್ ಬಂದು, "ಪೂರ್ತಿ ಬಲಕ್ಕೆ ಹೋಗ್ತಿದೆ ಕಣಯ್ಯಾ," ಎಂದು ಒಂದು ತಿರುಪನ್ನು ಎಡಕ್ಕೆ ಟಿಕ್ ಟಿಕ್ ತಿರುಗಿಸಿದ. ಶಾಲೆಯ ಬಸ್ಸು ಓಡಿಸುವ ಗ್ಲೆನಿಸ್, "ಬಲಕ್ಕಲ್ಲ, ಮೇಲಕ್ಕೆ. ಕೊಡಿಲ್ಲಿ," ಎಂದು ಇನ್ನೊಂದನ್ನು ತಿರುಗಿಸಿದಳು. ಆಂಗಸ್ ಎರಡನ್ನೂ ತಿರುಗಿಸಿದ.

"ಮುಟ್ಬೇಡಿ ಅಂದಿದ್ರು ಮಿಸೆಸ್ ಕ್ರೂಡನ್," ಎಂದ ಮರ್ವಿನ್, ಆದರೆ ಅವನ ದನಿ ಯಾವಾಗಲೂ ಹಿಂದಿನ ಬೆಂಚಿನಿಂದ ಬಂದ ಹಾಗಿರುತ್ತಿತ್ತು. ಮತ್ತೆ ಹೊಡೆದಾಗ ಗುಂಡು ಕಾರ್ಡು ತೂಗುಹಾಕಿದ ಕ್ಲಿಪ್ಪಿಗೆ ಬಡಿದು ಟಿಣ್ ಎಂದಿತು. "ಸಾಕು," ಎಂದ ತಮಾತಿ.

ಹೊರಗೆ ಮರ್ವಿನ್ ವ್ಯಾನಿಗೆ ಒರಗಿ ನಿಂತಿದ್ದ. ಆಂಗಸ್ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ.

"ನಳಿಗೆ ಸವೆದಿದೆ ಮರ್ವ್. ಕ್ರೂಡನ್ ಅಷ್ಟು ವರ್ಷ ಹೊಡೆದ್ರೆ ಇನ್ನೇನಾಗತ್ತೆ? ನೋಡು, ನನ್ನ ಕೊಟ್ಟಿಗೇಲಿ ಒಂದು ಸುರುಳಿ ಮೊಲ ತಡೆಯೋ ತಂತಿ ಬಲೆ ಇದೆ. ಹೊಸಾದು. ಅದು ತಗೋ, ಇದನ್ನ ನಂಗೆ ಬಿಡು. ಗೋಡೆಗೆ ನೇತುಹಾಕ್ತೀನಿ. ನೆರೆಮನೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ?"

ಇಂಥ ಒಳ್ಳೆಯ ಮನುಷ್ಯನ ಬಗ್ಗೆ ಇಷ್ಟು ದಿನ ಏನೇನೋ ಅಂದುಕೊಂಡಿದ್ದೆನಲ್ಲ ಎಂದು ಮರ್ವಿನ್‌ಗೆ ನಾಚಿಕೆಯಾಯಿತು. ರೈಫಲ್ ಕೊಟ್ಟು ಬಲೆ ತಂದ.

ಆ ಮಧ್ಯಾಹ್ನ ಅವನು ದುಡಿದಂತೆ ಜೀವಮಾನದಲ್ಲಿ ದುಡಿದಿರಲಿಲ್ಲ. ಬಲೆ ಇಡೀ ಸುರುಳಿ ಇದ್ದದ್ದರಿಂದ ಸಸಿಯ ಬುಡಕ್ಕಷ್ಟೇ ಕಟ್ಟುವುದು ಅವನಿಗೆ ಜಿಪುಣತನವೆನ್ನಿಸಿತು. ಸಸಿಯನ್ನೂ ಸೌದೆ ಕೊಟ್ಟಿಗೆಯನ್ನೂ ಸೇರಿಸಿ ಹಿತ್ತಲಿನ ಅರ್ಧಕ್ಕೆ ಸುತ್ತು ಹಾಕಿದ. ಹೆಪ್ಪುಗಟ್ಟಿದ ನೆಲ ಅಗೆದು, ಮೊಲ ಅಡಿಯಿಂದ ತೂರಬಾರದೆಂದು ಬಲೆಯ ಬುಡವನ್ನು ಮೊಣಕೈ ಆಳಕ್ಕೆ ಹೂತ. ಗೂಟ ಹೊಡೆದ. ಎಲ್ಲ ಮುಗಿಸಿ ಎದ್ದು ನಿಂತಾಗ ಗುಡ್ಡಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಊರಿನ ಹೊಗೆಯೆಲ್ಲ ಕಣಿವೆಯ ಮೇಲೆ ಒಂದೇ ಹಾಳೆಯಾಗಿ ಹಾಸಿಕೊಂಡಿತ್ತು. ಬೆನ್ನು ನೋಯುತ್ತಿದ್ದರೂ ಮನಸ್ಸು ತುಂಬಿತ್ತು. ಥೆಲ್ಮಾಳನ್ನು ಕರೆದು ತೋರಿಸಬೇಕೆಂದು ತಿರುಗಿದರೆ ಗೇಟಿನಲ್ಲಿ ತಮಾತಿ ನಿಂತಿದ್ದ.

"ಒಲೆ ಹಚ್ಚೋಣ ಅಂತ ಪುರುಳೆ ಪೆಟ್ಟಿಗೆಗೆ ಕೈ ಹಾಕ್ದೆ, ಇದು ಸಿಕ್ತು," ಎಂದು ಒಂದು ಮಡಿಸಿದ ಕಾರ್ಡು ಬಿಚ್ಚಿದ. ಹತ್ತು ಬೊಟ್ಟು, ಪ್ರತಿ ಬೊಟ್ಟಿಗೂ ಎರಡೆರಡು ತೂತು. ಒಂದೊಂದು ತೂತು ನಟ್ಟನಡುವೆ, ಸೂಜಿಯಲ್ಲಿ ಚುಚ್ಚಿದ ಹಾಗೆ. ಇನ್ನೊಂದೊಂದು ಅಂಚಿನಲ್ಲಿ ಅಲೆಯುತ್ತಿತ್ತು.

"ಅಲೀತಿರೋದು ಆಂಗಸ್‌ದು. ಅವನ ಗುಂಡು ನಂಗೊತ್ತು. ನಡುವಿಂದು ಯಾರ್ದು ಹೇಳು? ಮರ್ವ್, ನೀನು ಹಾಲಲ್ಲೂ ಪಕ್ಕದ ಮನೆ ಡಬ್ಬಕ್ಕೇ ಹಾಕಿದೀಯ."

ಮರ್ವಿನ್ ಕಾರ್ಡನ್ನು ಹಿಡಿದು ನೋಡುತ್ತಲೇ ನಿಂತ. ಕನ್ನಡಕ ತೆಗೆದಿದ್ದರಿಂದ ಕಾರ್ಡಿನ ಅಂಕಿ ಅವನಿಗೆ ಕಂಡೇ ಇರಲಿಲ್ಲ. ಕಂಡದ್ದು ಬೊಟ್ಟು ಮಾತ್ರ. ಊರಿನಲ್ಲಿ ಯಾರೇ ಆಗಲಿ, ಕ್ರೂಡನ್ ಕೂಡ, ಹೀಗೆ ಹತ್ತಕ್ಕೆ ಹತ್ತು ಹೊಡೆದದ್ದು ಅಪರೂಪ. ಅಷ್ಟು ವರ್ಷ ತಪ್ಪು ಡಬ್ಬ ತಪ್ಪು ಡಬ್ಬ ಎಂದು ಕೇಳಿಸಿಕೊಂಡ ಮನುಷ್ಯನಿಗೆ ಆ ಹತ್ತು ತೂತುಗಳು ಪದಕದ ಹಾಗೆ ಕಂಡವು.

"ಮರ್ವ್," ಎಂದ ತಮಾತಿ, ದನಿ ತಗ್ಗಿಸಿ. "ನಿನ್ನ ಬೇಲಿ ಚೆನ್ನಾಗಿದೆ. ಆದ್ರೆ ಒಳಗಿರೋದು ಯಾರು?"

ಸೌದೆ ಕೊಟ್ಟಿಗೆಯ ಅಡಿಯಿಂದ ಮೊಲ ಹೊರಬಂದಿತ್ತು. ಅದರ ಬಿಲ ಅಲ್ಲೇ ಇತ್ತು. ಮೊಲ ಹೊಸ ಬಲೆಯ ಉದ್ದಕ್ಕೂ ಒಂದು ಸುತ್ತು ಹಾಕಿತು. ಹೊರಹೋಗುವ ದಾರಿ ಎಲ್ಲೂ ಇಲ್ಲ, ತಿನ್ನಲು ಇರುವುದು ಸಸಿ ಒಂದೇ ಎಂದು ಅದಕ್ಕೆ ಮನದಟ್ಟಾಯಿತು. ನಿಧಾನವಾಗಿ ಸಸಿಯ ಕಡೆ ಹೊರಟಿತು.

ಬೇಲಿಯಾಚೆ ಆಂಗಸ್ ಮೆಟ್ಟಿಲ ಮೇಲೆ ಕೂತು ರೈಫಲ್ಲಿಗೆ ಎಣ್ಣೆ ಒರೆಸುತ್ತಿದ್ದ. ಮರ್ವಿನ್ ಕಾರ್ಡನ್ನು ಅವನ ಮುಂದೆ ಹಿಡಿದ. ಆಂಗಸ್ ಕಾರ್ಡು ನೋಡಿದ, ತಮಾತಿಯನ್ನು ನೋಡಿದ, ಬೂಟು ನೋಡಿಕೊಂಡ.

"ಬದಲಿ ಅಂದ್ರೆ ಬದಲೀನೇ ಮರ್ವ್, ವಾಪಸ್ ಮಾತ್ರ ಕೇಳ್ಬೇಡ. ಆದ್ರೆ ಒಂದು ಗುಂಡು ಹೊಡ್ಕೋ. ನಂದೇ ತೋಟಾ."

"ಒಂದೇ ಸಾಕು," ಎಂದ ಮರ್ವಿನ್. ಅಂಥ ದನಿ ಅವನ ಬಾಯಿಂದ ನಾವ್ಯಾರೂ ಕೇಳಿರಲಿಲ್ಲ.

ಹಿತ್ತಲ ಬಾಗಿಲ ಬಳಿ ಅವನು ಬಿಳಿ ಹುಲ್ಲಿನ ಮೇಲೆ ಮಲಗಿದ. ಸಸಿಯ ಹಿಂದೆ ಗುಡ್ಡದ ಮಣ್ಣಿನ ದಿಬ್ಬ. ಗುಂಡು ಹೋದರೂ ಅಪಾಯವಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ತೂತಿನಾಚೆ ಮತ್ತೆ ಆ ತೊಳೆದ ಲೋಕ ತೆರೆಯಿತು. ಉಂಗುರದೊಳಗೆ ಮೊಲ ಎದ್ದು ಕೂತು ಮುಂಗಾಲಲ್ಲಿ ಮೀಸೆ ಉಜ್ಜಿಕೊಳ್ಳುತ್ತಿತ್ತು. ಸಂಜೆಯ ಕೊನೆಯ ಬೆಳಕು ಅದರ ಕಿವಿಗಳ ಮೂಲಕ ಗುಲಾಬಿಯಾಗಿ ಕಾಣುತ್ತಿತ್ತು. ಮರ್ವಿನ್‌ಗೆ ಅದರ ಮೇಲೆ ಕೋಪವೇ ಇರಲಿಲ್ಲ. ಎಲ್ಲ ಎಷ್ಟು ಚೆನ್ನಾಗಿದೆ ಎಂದುಕೊಂಡು ಕೆನ್ನೆಯನ್ನು ರೈಫಲ್ಲಿನ ಮರಕ್ಕೆ ಒರಗಿಸಿದ.

ಸರಿಯಾಗಿ ಆಗಲೇ ತಮಾತಿಗೆ ತಿರುಪುಗಳ ನೆನಪಾಯಿತು. ಲಯೊನೆಲ್ ಎಡಕ್ಕೆ, ಗ್ಲೆನಿಸ್ ಕೆಳಕ್ಕೆ, ಆಂಗಸ್ ಎಲ್ಲಿಗೋ. ಬಾಯಿ ತೆರೆದ. ಆದರೆ ಕೆನ್ನೆ ಮರಕ್ಕೆ ತಾಗಿಬಿಟ್ಟಿತ್ತು. ಬೆಂಕಿ ಬಿದ್ದಾಗಲೂ ಮುರಿಯದ ನಿಯಮವನ್ನು ಒಂದು ಮೊಲಕ್ಕಾಗಿ ಮುರಿಯುವುದು ಅವನಿಂದ ಆಗಲಿಲ್ಲ. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು, ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ರೈಫಲ್ ಹಾರಿತು. ಮೊಲಕ್ಕೂ ಸಸಿಗೂ ನಡುವೆ ಒಂದು ಮೊಳ ಅಂತರವಿತ್ತು. ಗುಂಡು ಆ ಅಂತರವನ್ನೆಲ್ಲ ದಾಟಿ, ಸಸಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಯಲ್ಲಿ ಕತ್ತರಿಸಿದಷ್ಟು ಚೊಕ್ಕವಾಗಿ ತುಂಡರಿಸಿತು. ತುದಿ ಮೆಲ್ಲಗೆ ಬಾಗಿ ಮೊಲದ ಮುಂದೆಯೇ ಬಿತ್ತು. ಮೊಲ ಬೆಚ್ಚಿ ಒಂದು ಹೆಜ್ಜೆ ಹಾರಿತು. ಆಮೇಲೆ ಮುಂದೆ ಬಂದು ಮೂಸಿ ನೋಡಿ ತೊಗಟೆ ತಿನ್ನತೊಡಗಿತು. ಈಗ ಅದಕ್ಕೆ ಕತ್ತು ಚಾಚುವ ಕಷ್ಟವೂ ತಪ್ಪಿತ್ತು.

ಆಂಗಸ್ ರೈಫಲ್ಲನ್ನು ಮೆಲ್ಲಗೆ ಎತ್ತಿಕೊಂಡು ತನ್ನ ಬೇಲಿ ಹಾರಿದ. ತಮಾತಿ, "ಕಾರ್ಡು ನಿಂಗೇ ಇರ್ಲಿ," ಎಂದು ಗೇಟು ಮುಚ್ಚಿಕೊಂಡು ಹೋದ.

ಮರ್ವಿನ್ ಮಲಗಿದಲ್ಲೇ ಇದ್ದ. ಕನ್ನಡಕ ಹಾಕಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಬೆನ್ನ ಹಿಂದೆ ಥೆಲ್ಮಾಳ ಚಪ್ಪಲಿಯ ಸದ್ದು ಬಂದು ನಿಂತಿತು.

"ಥೆಲ್," ಎಂದ. "ನಿಮ್ಮಪ್ಪನ ಗಿಡ ಹೋಯ್ತು. ನಾನೇ ಹೊಡ್ದೆ."

"ಎದ್ದೇಳು, ಶೀತ ಆಗತ್ತೆ."

"ನೀನು ನನ್ನ ಬೈಬೇಕು."

"ಬೈಯೋಕ್ಕೇನಿದೆ? ಅದು ಬೇಲಿ ಪಕ್ಕದ ಕಾಡು ಪ್ಲಮ್ಮಿನ ಕೋಲು."

ಅವಳು ಅವನ ತೋಳು ಹಿಡಿದು ಎಬ್ಬಿಸಿ, ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆದಳು. ಒಳಗೆ ಕಿಟಕಿಯ ಕೆಳಗೆ ಹಳೆಯ ತಾಮ್ರದ ಹಂಡೆಯಲ್ಲಿ ಮಣ್ಣು ತುಂಬಿ, ಕಂಬಳಿಯ ತುಂಡು ಸುತ್ತಿ, ಏಪ್ರಿಕಾಟ್ ಸಸಿ ನಿಂತಿತ್ತು. ತುದಿಯಲ್ಲಿ ಎರಡು ಮೊಗ್ಗು ಉಬ್ಬಿದ್ದವು. ದಿನವೂ ನೀರಿನ ಜಗ್ಗು ಯಾಕೆ ಈ ಕೋಣೆಗೆ ಬರುತ್ತಿತ್ತೆಂದು ಮರ್ವಿನ್‌ಗೆ ಈಗ ತಿಳಿಯಿತು.

"ಯಾವಾಗ ಇಲ್ಲಿ ತಂದಿಟ್ಟೆ?"

"ನಾಳೇನೇ ಬಲೆ ಕಟ್ತೀನಿ ಅಂದ್ಯಲ್ಲ, ಅವತ್ತು ರಾತ್ರೀನೇ. ಜಾಗ ಖಾಲಿ ಕಂಡ್ರೆ ನಿಂಗೆ ಬೇಜಾರಾಗತ್ತೆ ಅಂತ ಆ ಕೋಲು ನೆಟ್ಟೆ. ಎಲೆ ಇಲ್ದಿದ್ರೆ ನಿಂಗೆ ಗೊತ್ತಾಗಲ್ಲ ಅಂತ ಗೊತ್ತಿತ್ತು."

ಮರ್ವಿನ್ ಹಂಡೆಯ ಪಕ್ಕ ಸ್ಟೂಲಿನ ಮೇಲೆ ಕೂತ. ಸಸಿ ಬದುಕಿದೆಯೆಂಬ ಸಂತೋಷಕ್ಕೆ ಕಣ್ಣು ತುಂಬಿತು. ಹೆಂಡತಿ ತನ್ನನ್ನು ಒಂದು ದಿನಕ್ಕೂ ನಂಬಿರಲಿಲ್ಲವೆಂಬ ನೋವಿಗೂ ಅದೇ ಕಣ್ಣೀರು ಸಾಕಾಯಿತು. ನಂಬದೆ ಇದ್ದದ್ದೇ ಒಳ್ಳೆಯದಾಯಿತಲ್ಲ ಎಂದು ತೋರಿದಾಗ ಮಾತ್ರ ತುಂಬ ಹೊತ್ತು ತಲೆಯೆತ್ತಲಾಗಲಿಲ್ಲ. ಥೆಲ್ಮಾ ಅವನ ಕೂದಲಿಗೆ ಅಂಟಿದ್ದ ಹಿಮದ ಹುಲ್ಲನ್ನು ಒಂದೊಂದಾಗಿ ತೆಗೆದಳು.

"ಬೇಸಿಗೆ ಮುಖ ತೋರಿಸ್ತಿದ್ದ ಹಾಗೆ ಇದನ್ನ ಅಲ್ಲೇ ನೆಡೋಣ," ಎಂದಳು. "ಬೇಲಿ ಹೇಗೂ ಗಟ್ಟಿಯಾಗಿ ಹಾಕಿದೀಯ. ಆ ಮೊಲನ ಹೊರಗೆ ಹಾಕಿದ್ರೆ ಆಯ್ತು."

ಮರ್ವಿನ್ ಮುಖ ಒರೆಸಿಕೊಂಡ. ಕಿಟಕಿಯಾಚೆ ಕತ್ತಲು ಇಳಿಯುತ್ತಿತ್ತು. ಗುಡ್ಡದ ಮೇಲೆ ಒಂದೇ ಒಂದು ನಕ್ಷತ್ರ ಬಂದಿತ್ತು. ಅದನ್ನು ನೋಡುತ್ತ ಅವನ ಹುಬ್ಬು ಸಡಿಲವಾಯಿತು.

"ನಾಳೇನೇ ಹಾಕ್ತೀನಿ ಥೆಲ್," ಎಂದ. "ನೋಡ್ತಿರು."

ಥೆಲ್ಮಾ ಹೂಂ ಎಂದು, ಕಂಬಳಿಯನ್ನು ಸಸಿಗೆ ಇನ್ನೊಂದು ಸುತ್ತು ಬಿಗಿದು, ಅವನನ್ನು ಹೊರಗೆ ಕರೆತಂದು ಕೋಣೆಗೆ ಬೀಗ ಹಾಕಿದಳು.